ಬಟ್ಟೆ ತುಳಿದವನ ಹೆಸರು

ಇಂಗ್ಲಿಷ್ ಭಾಷೆಯನ್ನು ಪಾಠಶಾಲೆಯಲ್ಲಿ ಆಗತಾನೆ ಕಲಿಯತೊಡಗಿದ ಬಾಲಕನಿಗೆ ಆಂಗ್ಲರ ಮನೆತನದ ಹೆಸರುಗಳು ದೊಡ್ಡ ವಿನೋದ. ಬೇಕರ್ ಎಂದರೆ ರೊಟ್ಟಿ ಸುಡುವವನು, ಟೇಲರ್ ಎಂದರೆ ಬಟ್ಟೆ ಹೊಲಿಯುವವನು, ಸ್ಮಿತ್ ಎಂದರೆ ಕಮ್ಮಾರ, ಕಾರ್ಪೆಂಟರ್ ಎಂದರೆ ಬಡಗಿ, ಕುಕ್ ಎಂದರೆ ಅಡಿಗೆಯವನು. ನಿಘಂಟನ್ನು ತೆರೆಯುವ ಶ್ರಮವೂ ಇಲ್ಲದೆ ಒಂದು ಊರಿನ ಕಸುಬುದಾರರೆಲ್ಲ ಸಾಲಾಗಿ ಬಂದು ನಿಂತಂತಾಗುತ್ತದೆ. ಅದೇ ಉತ್ಸಾಹದಲ್ಲಿ ವಾಕರ್ ಎಂಬ ಹೆಸರು ಎದುರಾದರೆ ಬಾಲಕನನ್ನು ತಡೆಯುವವರಾರು? ವಾಕ್ ಎಂದರೆ ನಡೆ. ವಾಕರ್ ಎಂದರೆ ನಡೆಯುವವನು. ಲೆಕ್ಕ ಸರಿಯಾಯಿತು.

ಬಾಲಕನನ್ನು ನೋಡಿ ನಗಬೇಕಾದ ಅಗತ್ಯವಿಲ್ಲ. ಆ ಹೆಸರನ್ನು ಹೊತ್ತು ತಿರುಗುವ ಆಂಗ್ಲರಲ್ಲೇ ಬಹುಮಂದಿ ಹಾಗೆಯೇ ತಿಳಿದಿದ್ದಾರೆ. ಆದರೆ ಒಂದು ಸಣ್ಣ ಪ್ರಶ್ನೆ ಮಾತ್ರ ಉಳಿದೇ ಉಳಿಯುತ್ತದೆ. ಎಲ್ಲರೂ ಕಾಲ್ನಡಿಗೆಯಲ್ಲೇ ಓಡಾಡುತ್ತಿದ್ದ ಕಾಲದಲ್ಲಿ ಒಬ್ಬನನ್ನು ಮಾತ್ರ ನಡೆಯುವವನೆಂದು ಗುರುತಿಸಿದ್ದೇಕೆ? ಕುದುರೆ ಏರಿದವನಿಗೆ ಸವಾರನೆಂಬ ಹೆಸರು ಬಂದರೆ ಅದಕ್ಕೊಂದು ಅರ್ಥವುಂಟು. ನಡೆಯುವುದನ್ನೇ ಒಂದು ವಿಶೇಷವಾಗಿ ಎಣಿಸಿ ಮನೆತನಕ್ಕೆ ಹೆಸರಿಡುವಷ್ಟು ಸೋಮಾರಿಗಳು ಆ ದ್ವೀಪದಲ್ಲಿ ಎಂದೂ ಇರಲಿಲ್ಲ.

ವಾಸ್ತವವಾಗಿ ವಾಕರನು ನಡೆಯುತ್ತಿದ್ದುದು ನಿಂತಲ್ಲೇ. ಒಂದು ತೊಟ್ಟಿಯೊಳಗೆ, ಮೊಳಕಾಲಿನ ತನಕ ನೀರಿನಲ್ಲಿ, ಬೆಳಗಿನಿಂದ ಸಂಜೆಯವರೆಗೆ ಆತ ಉಣ್ಣೆಯ ಬಟ್ಟೆಯನ್ನು ತುಳಿಯುತ್ತಿದ್ದ.

ಹಳೆಯ ಇಂಗ್ಲಿಷಿನಲ್ಲಿ 'ವೆಯಾಲ್ಕನ್' ಎಂಬ ಒಂದು ಧಾತುವಿತ್ತು. ಉರುಳಿಸು, ಹೊರಳಿಸು, ಅತ್ತಿತ್ತ ಅಲುಗಾಡಿಸು ಎಂಬುದು ಅದರ ಅರ್ಥ. ಬಟ್ಟೆಯನ್ನು ಹಾಗೆ ಒತ್ತಿ ಹೊರಳಿಸಿ ತುಳಿಯುವವನು 'ವೆಯಾಲ್ಕೆರೆ'. ಆತನೇ ಮುಂದೆ ವಾಕರನಾದ. ಅದೇ ಧಾತುವಿನ ಇನ್ನೊಂದು ಕವಲು ಅಲೆದಾಡು ಎಂಬ ಅರ್ಥಕ್ಕೆ ಜಾರಿ, ಹದಿಮೂರನೆಯ ಶತಮಾನದ ಹೊತ್ತಿಗೆ ಕಾಲಿನಿಂದ ನಡೆ ಎಂಬ ಅರ್ಥವನ್ನು ತಳೆಯಿತು. ಹೀಗಾಗಿ ಬೀದಿಯಲ್ಲಿ ನಡೆಯುವವನೂ ತೊಟ್ಟಿಯಲ್ಲಿ ತುಳಿಯುವವನೂ ಒಂದೇ ತಾಯಿಯ ಮಕ್ಕಳು. ಅಣ್ಣ ಕಸುಬನ್ನು ಹಿಡಿದು ಮನೆಯಲ್ಲಿ ಉಳಿದ, ತಮ್ಮ ಊರೆಲ್ಲ ಸುತ್ತಿ ಹೆಸರು ಮಾಡಿದ. ಜರ್ಮನ್ ಭಾಷೆಯಲ್ಲಿ ಮಾತ್ರ ಅಣ್ಣನಿಗೇ ಇಂದಿಗೂ ಮರ್ಯಾದೆ: ಅಲ್ಲಿ 'ವಾಲ್ಕೆನ್' ಎಂದರೆ ನಡೆಯುವುದಲ್ಲ, ಬಟ್ಟೆಯನ್ನು ಹದಗೊಳಿಸುವುದೇ.

ಬಟ್ಟೆಯನ್ನು ತುಳಿಯುವುದೇಕೆ? ಈ ಪ್ರಶ್ನೆಗೆ ಉತ್ತರವನ್ನು ಕಂಡ ಗೃಹಿಣಿಯರು ಬೆಂಗಳೂರಿನಲ್ಲೂ ಮಡಿಕೇರಿಯಲ್ಲೂ ಇದ್ದಾರೆ. ತಿಂಗಳುಗಟ್ಟಲೆ ಕುಳಿತು ಹೆಣೆದ ಉಣ್ಣೆಯ ಸ್ವೆಟರನ್ನು ಯಾರೋ ತಿಳಿಯದವರು ಬಿಸಿನೀರಿನಲ್ಲಿ ಹಾಕಿ ಉಜ್ಜಿ ತಿಕ್ಕಿ ಒಗೆದರೆ, ದೊಡ್ಡವರ ಅಂಗಿ ಮಗುವಿನ ಅಂಗಿಯಾಗಿ ಹೊರಬರುತ್ತದೆ. ಹೆಣಿಗೆಯ ಕಣ್ಣುಗಳು ಮುಚ್ಚಿ, ಬಟ್ಟೆ ದಪ್ಪಗಾಗಿ, ಹಲಗೆಯಂತಾಗುತ್ತದೆ. ಉಣ್ಣೆಯ ಪ್ರತಿಯೊಂದು ಎಳೆಯ ಮೈಮೇಲೂ ಮೀನಿನ ಹುರುಪೆಯಂಥ ಸೂಕ್ಷ್ಮವಾದ ಪದರಗಳಿವೆ. ತೇವ, ಶಾಖ, ಒತ್ತಡ ಇವು ಮೂರೂ ಕೂಡಿದಾಗ ಒಂದು ಎಳೆಯ ಹುರುಪೆ ಇನ್ನೊಂದರಲ್ಲಿ ಸಿಕ್ಕಿಕೊಂಡು ಬಿಡದಂತಾಗುತ್ತದೆ. ಮನೆಯಲ್ಲಿ ಇದು ದುರಂತ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಇದೇ ಒಂದು ಮಹಾ ಉದ್ಯಮ. ಮಗ್ಗದಿಂದ ಇಳಿದ ಉಣ್ಣೆಯ ಬಟ್ಟೆ ಜಾಳುಜಾಳಾಗಿ, ಕುರಿಯ ಮೈಯ ಜಿಡ್ಡಿನಿಂದಲೂ ನೂಲುವಾಗ ಸವರಿದ ಎಣ್ಣೆಯಿಂದಲೂ ಕೂಡಿರುತ್ತಿತ್ತು. ಅದನ್ನು ಕಸುಬುದಾರನು ಬೇಕೆಂದೇ ಕುಗ್ಗಿಸಬೇಕು. ಮೂರರಲ್ಲಿ ಒಂದು ಪಾಲು, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ ಕುಗ್ಗಿಸಬೇಕು. ಆಗಲೇ ಅದು ಇಂಗ್ಲೆಂಡಿನ ಮಳೆಗೂ ಗಾಳಿಗೂ ತಡೆಯುವ ಬಟ್ಟೆ. ಅದಕ್ಕೆ ಮುಂಚೆ ಅದು ಉಡಲು ಯೋಗ್ಯವೇ ಅಲ್ಲವೆಂದು ಹದಿನಾಲ್ಕನೆಯ ಶತಮಾನದ ಕವಿ ಲ್ಯಾಂಗ್‌ಲಂಡನೂ ತನ್ನ ಕಾವ್ಯದಲ್ಲಿ ಹೇಳಿದ್ದಾನೆ.

ಜಿಡ್ಡನ್ನು ತೆಗೆಯಲು ಬಳಸುತ್ತಿದ್ದ ಸಾಮಗ್ರಿಗಳಲ್ಲಿ ಒಂದು, ಕನ್ನಡದ ಮನೆಗಳಿಗೆ ಚೆನ್ನಾಗಿ ಪರಿಚಯವಾದುದು: ಮುಖಕ್ಕೆ ಲೇಪಿಸುವ ಮುಲ್ತಾನಿ ಮಿಟ್ಟಿ. ಇದರ ಇಂಗ್ಲಿಷ್ ಹೆಸರೇ 'ಫುಲ್ಲರ್ಸ್ ಅರ್ತ್', ಬಟ್ಟೆ ತುಳಿಯುವವನ ಮಣ್ಣು. ಜಿಡ್ಡನ್ನು ಹೀರಿಕೊಳ್ಳುವ ಗುಣ ಅದಕ್ಕೆ. ಕುರಿಯ ಉಣ್ಣೆಯಾದರೇನು, ಕಾಲೇಜು ಕನ್ಯೆಯ ಕೆನ್ನೆಯಾದರೇನು! ಸರ್ರೆ ಸೀಮೆಯ ನಟ್‌ಫೀಲ್ಡಿನಲ್ಲಿ ಈ ಮಣ್ಣು ಹೇರಳವಾಗಿ ದೊರೆಯುತ್ತಿತ್ತು. ಬಟ್ಟೆಯ ವ್ಯಾಪಾರವೇ ದೇಶದ ಬೆನ್ನೆಲುಬಾಗಿದ್ದ ದಿನಗಳಲ್ಲಿ, ಪರದೇಶದ ನೇಕಾರರಿಗೆ ಇದು ದಕ್ಕಬಾರದೆಂದು ಮಣ್ಣನ್ನು ಹಡಗಿಗೆ ಏರಿಸುವುದನ್ನೇ ಕಾನೂನು ನಿಷೇಧಿಸಿತ್ತು.

ಇನ್ನೊಂದು ಸಾಮಗ್ರಿಯನ್ನು ಹೆಸರಿಸಲು ಲೇಖನಿ ಹಿಂಜರಿಯುತ್ತದೆ. ಆದರೆ ಹೆಸರಿಸದಿದ್ದರೆ ವಾಕರನ ಬದುಕು ಅರ್ಥವಾಗುವುದಿಲ್ಲ. ಅದು ಹಳಸಿದ ಮೂತ್ರ. ಕೆಲವು ದಿನ ಇಟ್ಟ ಮೂತ್ರದಲ್ಲಿ ಅಮೋನಿಯ ಹುಟ್ಟುತ್ತದೆ, ಅದು ಎಣ್ಣೆಯ ಅಂಶವನ್ನು ಕರಗಿಸುತ್ತದೆ. ರೋಮನರ ಕಾಲದಿಂದಲೂ ಇದೇ ಪದ್ಧತಿ. ಕ್ರಿ. ಶ. ೭೯ರಲ್ಲಿ ಅಗ್ನಿಪರ್ವತದ ಬೂದಿಯಲ್ಲಿ ಹೂತುಹೋದ ಪಾಂಪೇ ನಗರವನ್ನು ಅಗೆದಾಗ, ಇಂಥ ಒಂದು ಕಾರ್ಖಾನೆಯೂ ಅದರ ಕಂಬದ ಮೇಲೆ ಬರೆದ ಚಿತ್ರವೂ ದೊರೆತವು: ಕೆಲಸದವರು ತೊಟ್ಟಿಗಳಲ್ಲಿ ನಿಂತು ಬಟ್ಟೆ ತುಳಿಯುತ್ತಿದ್ದಾರೆ. ರೋಮಿನ ಚಕ್ರವರ್ತಿ ವೆಸ್ಪೇಷಿಯನ್ ಈ ಮೂತ್ರದ ಸಂಗ್ರಹದ ಮೇಲೂ ತೆರಿಗೆ ಹಾಕಿದಾಗ ಮಗನು ಅಸಹ್ಯಪಟ್ಟನೆಂದೂ, ತಂದೆ ಒಂದು ನಾಣ್ಯವನ್ನು ಅವನ ಮೂಗಿಗೆ ಹಿಡಿದು, ಇದು ನಾರುತ್ತದೆಯೇ ಎಂದು ಕೇಳಿದನೆಂದೂ ಇತಿಹಾಸಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಯಾರ್ಕ್‌ಷೈರಿನ ಉಣ್ಣೆಯ ಊರುಗಳಲ್ಲಿ ಮನೆಮನೆಯಿಂದ ಮೂತ್ರವನ್ನು ಸಂಗ್ರಹಿಸಿ ಗಿರಣಿಗೆ ಒಯ್ಯುವ ವಾಡಿಕೆ ಹತ್ತೊಂಬತ್ತನೆಯ ಶತಮಾನದವರೆಗೂ ನಡೆದುಬಂತು.

ಇಂಥದರಲ್ಲಿ ದಿನವೆಲ್ಲ ನಿಂತವನ ಮೈಯ ವಾಸನೆ ಹೇಗಿದ್ದೀತು? ಆತ ಬೀದಿಯಲ್ಲಿ ಬರುತ್ತಿದ್ದಾನೆಂದು ನೆರೆಯವರಿಗೆ ಕಣ್ಣಿಗಿಂತ ಮೊದಲು ಮೂಗೇ ತಿಳಿಸಿರಬೇಕು. ಊರಿನಲ್ಲಿ ನಾಲ್ಕು ಮಂದಿ ಜಾನ್‌ಗಳಿದ್ದರೆ, ಕಮ್ಮಾರ ಜಾನ್, ಬೆಟ್ಟದ ಮೇಲಿನ ಜಾನ್, ಕೆಂಚುಗೂದಲಿನ ಜಾನ್, ಮತ್ತು ಬಟ್ಟೆ ತುಳಿಯುವ ಜಾನ್. ಆಂಗ್ಲರ ಮನೆತನದ ಹೆಸರುಗಳು ಹುಟ್ಟಿದ್ದು ಬಹುಮಟ್ಟಿಗೆ ಹೀಗೆಯೇ: ಊರಿನಿಂದ, ತಂದೆಯ ಹೆಸರಿನಿಂದ, ಮೈಯ ಗುರುತಿನಿಂದ, ಕಸುಬಿನಿಂದ. ೧೦೬೬ರಲ್ಲಿ ನಾರ್ಮನರು ಬಂದ ಮೇಲೆ ಮೊದಲು ಶ್ರೀಮಂತರಲ್ಲಿ ಬೇರೂರಿದ ಈ ಪದ್ಧತಿ ಮೆಲ್ಲಮೆಲ್ಲನೆ ಕೆಳಕ್ಕಿಳಿದು, ೧೪೦೦ರ ಸುಮಾರಿಗೆ ಸಾಮಾನ್ಯರ ಮನೆಗಳಿಗೂ ಬಂದಿತ್ತು. ತೆರಿಗೆಯ ಪಟ್ಟಿ ಬರೆಯುವ ಗುಮಾಸ್ತನಿಗೆ ಹೆಸರು ಬೇಕು. ೧೫೩೮ರಿಂದ ಪ್ರತಿಯೊಂದು ಚರ್ಚಿನಲ್ಲೂ ಜನನ ಮರಣ ವಿವಾಹಗಳ ಪುಸ್ತಕ ಇಡಬೇಕೆಂಬ ಆಜ್ಞೆಯಾದಾಗ ಪಾದ್ರಿಗೂ ಹೆಸರು ಬೇಕು. ಬಾಯಲ್ಲಿ ಇದ್ದುದು ಕಾಗದಕ್ಕೆ ಇಳಿಯಿತು. ಕಾಗದಕ್ಕೆ ಇಳಿದದ್ದು ಮಗನಿಗೂ ಅಂಟಿತು, ಆತ ತೊಟ್ಟಿಗೆ ಇಳಿಯಲಿ ಬಿಡಲಿ.

ಸ್ವಾರಸ್ಯವೆಂದರೆ, ಈ ಒಂದೇ ಕಸುಬಿಗೆ ಇಂಗ್ಲೆಂಡಿನಲ್ಲಿ ಮೂರು ಹೆಸರುಗಳಿದ್ದವು. ಉತ್ತರದಲ್ಲೂ ಮಧ್ಯದೇಶದ ಪಶ್ಚಿಮ ಭಾಗದಲ್ಲೂ ವಾಕರ್. ಆಗ್ನೇಯ ದಿಕ್ಕಿನ ಸೀಮೆಗಳಲ್ಲಿ ಲ್ಯಾಟಿನ್ ಮೂಲದ ಫುಲ್ಲರ್. ನೈಋತ್ಯದ ಡೆವನ್ ಮೊದಲಾದೆಡೆ ಟಕ್ಕರ್. ಈ ಮೂರನೆಯ ಹೆಸರಿನ ಮೂಲಧಾತುವಿಗೆ ಹಿಂಸಿಸು ಎಂಬ ಅರ್ಥ! ಬಟ್ಟೆಯ ಪಾಡನ್ನು ನೋಡಿ ಮರುಗಿದವನಾರೋ ಇಟ್ಟ ಹೆಸರಿರಬೇಕು. ಎಕ್ಸೆಟರ್ ನಗರದಲ್ಲಿ ನೇಕಾರರೂ ಬಟ್ಟೆ ಹದಗೊಳಿಸುವವರೂ ಕೂಡಿ ೧೪೭೧ರಲ್ಲಿ ಕಟ್ಟಿಸಿದ ಸಭಾಮಂದಿರ 'ಟಕ್ಕರ್ಸ್ ಹಾಲ್' ಎಂಬ ಹೆಸರಿನಿಂದ ಇಂದಿಗೂ ನಿಂತಿದೆ. ಹದಿನಾಲ್ಕನೆಯ ಶತಮಾನದ ಕೊನೆಯಲ್ಲಿ ವಿಕ್ಲಿಫನ ಅನುಯಾಯಿಗಳು ಬೈಬಲನ್ನು ಇಂಗ್ಲಿಷಿಗೆ ತಂದಾಗ, ಯೇಸುವಿನ ವಸ್ತ್ರದ ಬಿಳುಪನ್ನು ವರ್ಣಿಸುವ ಜಾಗದಲ್ಲಿ ಫುಲ್ಲರ್ ಎಂಬ ಮಾತಿನ ಪಕ್ಕದಲ್ಲೇ ವಾಕರ್ ಎಂಬುದನ್ನೂ ಇಟ್ಟರು. ಇಂದು ಒಬ್ಬ ಆಂಗ್ಲನ ಹೆಸರು ಈ ಮೂರರಲ್ಲಿ ಯಾವುದೆಂದು ಕೇಳಿದರೆ, ಅವನ ಪೂರ್ವಿಕರು ಯಾವ ದಿಕ್ಕಿನವರೆಂದು ಬಹುಮಟ್ಟಿಗೆ ಊಹಿಸಬಹುದು. ಮೂವರಲ್ಲಿ ಸಂಖ್ಯಾಬಲ ವಾಕರನದೇ. ಬ್ರಿಟನ್ನಿನಲ್ಲಿ ಅತಿ ಹೆಚ್ಚಾಗಿ ಕಾಣುವ ಇಪ್ಪತ್ತು ಹೆಸರುಗಳೊಳಗೆ ಅದಕ್ಕೆ ಸ್ಥಾನವುಂಟು.

ಆದರೆ ಹೆಸರು ಇನ್ನೂ ಗಟ್ಟಿಯಾಗುವ ಮೊದಲೇ ಕಾಲಿನ ಕೆಲಸಕ್ಕೆ ಸಂಚಕಾರ ಬಂದಿತ್ತು. ನೀರಿನ ಚಕ್ರ ತಿರುಗಿದಂತೆ ಮರದ ಭಾರಿ ಕೊಡತಿಗಳು ಒಂದಾದ ಮೇಲೊಂದು ಎದ್ದು, ತೊಟ್ಟಿಯಲ್ಲಿನ ಬಟ್ಟೆಯ ಮೇಲೆ ಬೀಳುವ ಯಂತ್ರ ಬಂತು. ನೋಡಿಕೊಳ್ಳಲು ಒಬ್ಬನಿದ್ದರೆ ಸಾಕು. ತುಳಿಯುವ ಕಾಲುಗಳು ಬೇಡ. ಟೆಂಪಲರ್ ಎಂಬ ಯೋಧ ಸನ್ಯಾಸಿಗಳು ತಮ್ಮ ಆಸ್ತಿಯನ್ನು ಲೆಕ್ಕ ಬರೆಸಿದ ೧೧೮೫ರ ದಾಖಲೆಯಲ್ಲಿ ಯಾರ್ಕ್‌ಷೈರಿನ ಟೆಂಪಲ್ ನ್ಯೂಸಮ್ಮಿನಲ್ಲಿ ಇಂಥ ಗಿರಣಿಯಿದ್ದುದು ಕಾಣುತ್ತದೆ. ಮುಂದಿನ ನೂರು ವರ್ಷಗಳಲ್ಲಿ ಇವು ಎಷ್ಟು ಹರಡಿದುವೆಂದರೆ, ಇತಿಹಾಸಜ್ಞೆ ಕ್ಯಾರಸ್ ವಿಲ್ಸನ್ ೧೯೪೧ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ಹದಿಮೂರನೆಯ ಶತಮಾನದ ಕೈಗಾರಿಕಾ ಕ್ರಾಂತಿಯೆಂದೇ ಕರೆದರು. ನಗರಗಳಲ್ಲಿದ್ದ ಕಸುಬು ನೀರಿನ ಹರಿವನ್ನು ಹುಡುಕಿಕೊಂಡು ಬೆಟ್ಟದ ತಪ್ಪಲಿಗೆ ಹೋಯಿತು.

ಯಂತ್ರ ಬಂದಾಗ ಲಾಭ ಯಾರಿಗೆ ಎಂಬ ಪ್ರಶ್ನೆ ಆಗಲೂ ಇತ್ತು. ನದಿ ಜಮೀನ್ದಾರನದು, ಗಿರಣಿ ಜಮೀನ್ದಾರನದು. ಒಕ್ಕಲುಗಳು ಬಟ್ಟೆಯನ್ನು ಅಲ್ಲಿಗೇ ತಂದು ಹಣ ಕೊಟ್ಟು ಹದಮಾಡಿಸಬೇಕೆಂಬುದು ಅವನ ಕಟ್ಟಳೆ. ಲಂಡನ್ನಿನ ಉತ್ತರಕ್ಕಿರುವ ಸೇಂಟ್ ಆಲ್ಬನ್ಸ್ ಊರಿನ ಒಡೆಯ ಅಲ್ಲಿಯ ಮಠ. ಊರಿನವರು ಹಟ ಹಿಡಿದು ಮನೆಗಳಲ್ಲೇ ತಮ್ಮ ಕಾಲಿನಿಂದ ತಮ್ಮ ಬಟ್ಟೆ ತುಳಿದುಕೊಂಡರು, ತಮ್ಮ ಬೀಸುವ ಕಲ್ಲಿನಲ್ಲೇ ತಮ್ಮ ಕಾಳು ಬೀಸಿಕೊಂಡರು. ಮಠದವರು ಮನೆಗಳಿಗೆ ನುಗ್ಗಿ ಬಟ್ಟೆಯನ್ನೂ ಕಲ್ಲನ್ನೂ ಹೊತ್ತೊಯ್ದರು. ೧೨೭೪ರಲ್ಲಿ ವ್ಯಾಜ್ಯ ರಾಜನ ನ್ಯಾಯಸ್ಥಾನಕ್ಕೆ ಹೋಯಿತು. ಊರಿನವರು ಖರ್ಚಿಗೆ ವಂತಿಗೆ ಹಾಕಿಕೊಂಡರು. ರಾಣಿ ಎಲಿನರ್ ಆ ಊರಿಗೆ ಬಂದಾಗ ಹೆಂಗಸರು ಗುಂಪಾಗಿ ಹೋಗಿ ಮೊರೆಯಿಟ್ಟರು. ತೀರ್ಪು ಮಠದ ಕಡೆಗೇ ಆಯಿತು.

ಜಗಳ ಅಲ್ಲಿಗೆ ನಿಲ್ಲಲಿಲ್ಲ. ೧೩೩೧ರಲ್ಲಿ ಮಠಾಧಿಪತಿಯಾಗಿದ್ದವನು ವಾಲಿಂಗ್‌ಫರ್ಡಿನ ರಿಚರ್ಡ್. ಗಣಿತಜ್ಞ, ಗ್ರಹಗತಿಯನ್ನು ತೋರಿಸುವ ಗಡಿಯಾರವನ್ನು ರಚಿಸಿದ ಮೇಧಾವಿ. ಆ ಮೇಧಾವಿ ಊರಿನ ಬೀಸುವ ಕಲ್ಲುಗಳನ್ನೆಲ್ಲ ಕಿತ್ತು ತರಿಸಿ ಮಠದ ಮಾತುಕತೆಯ ಕೊಠಡಿಯ ನೆಲಕ್ಕೆ ಹಾಸುಗಲ್ಲಾಗಿ ಹೊದಿಸಿದ. ಐವತ್ತು ವರ್ಷ ಊರಿನವರು ಆ ನೆಲದ ಮೇಲೆ ಕಾಲಿಡುವಾಗಲೆಲ್ಲ ತಮ್ಮ ಅಜ್ಜಿಯರ ಕಲ್ಲನ್ನೇ ತುಳಿಯಬೇಕಾಯಿತು. ೧೩೮೧ರಲ್ಲಿ ದೇಶವೆಲ್ಲ ರೈತರ ದಂಗೆಯೆದ್ದಾಗ ಸೇಂಟ್ ಆಲ್ಬನ್ಸಿನ ಜನ ನೇರವಾಗಿ ಆ ಕೊಠಡಿಗೆ ನುಗ್ಗಿದರು. ನೆಲವನ್ನು ಅಗೆದು, ಕಲ್ಲುಗಳನ್ನು ಒಡೆದು, ಚರ್ಚಿನಲ್ಲಿ ಪ್ರಸಾದದ ರೊಟ್ಟಿ ಹಂಚುವಂತೆ ಚೂರುಗಳನ್ನು ಹಂಚಿಕೊಂಡು ಮನೆಗೆ ಒಯ್ದರು. ದಂಗೆ ಅಡಗಿತು, ಮುಂದಾಳುಗಳು ಗಲ್ಲಿಗೇರಿದರು. ಆ ಊರಿನ ತುಳಿಯುವ ಕಾಲುಗಳ ಕಥೆ ಕಾಳಿನ ಕಲ್ಲಿನ ಕಥೆಯೊಡನೆ ಹೀಗೆ ಬೆರೆತುಕೊಂಡಿದೆ.

ಹಾಗೂ ಗಿರಣಿಗೆ ಜನ ಇಟ್ಟ ಹೆಸರೇನು? ಉತ್ತರ ದೇಶದಲ್ಲಿ ಅದು 'ವಾಕ್ ಮಿಲ್'. ಅದನ್ನು ನಡೆಸುವವನು, ಕಾಲು ಒದ್ದೆ ಮಾಡಿಕೊಳ್ಳದೆ ದಡದಲ್ಲಿ ನಿಂತು ಕೊಡತಿಯ ಸದ್ದು ಕೇಳುವವನು, ಆತನೂ ವಾಕರನೇ.

ಯಂತ್ರ ತಲುಪದ ಒಂದು ಮೂಲೆ ಮಾತ್ರ ಬಹುಕಾಲ ಉಳಿಯಿತು. ಸ್ಕಾಟ್ಲೆಂಡಿನ ಪಶ್ಚಿಮದ ಹೆಬ್ರಿಡಿಸ್ ದ್ವೀಪಗಳಲ್ಲಿ ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಈ ಕೆಲಸ ಹೆಂಗಸರ ಪಾಲಿಗಿತ್ತು. ಉದ್ದನೆಯ ಹಲಗೆಯ ಸುತ್ತ ಕುಳಿತು, ತೊಯ್ದ ಬಟ್ಟೆಯನ್ನು ಕೈಯಿಂದ ಕೈಗೆ ಸಾಗಿಸುತ್ತ, ಹಲಗೆಗೆ ಕುಟ್ಟುತ್ತ ಹಾಡುತ್ತಿದ್ದರು. ಒಬ್ಬಳು ಸಾಲು ಹೇಳಿದರೆ ಉಳಿದವರು ಪಲ್ಲವಿ ಹಿಡಿಯುವರು. ಒಂದು ಬಟ್ಟೆ ಮುಗಿಯುವ ತನಕ ಒಮ್ಮೆ ಹಾಡಿದ ಹಾಡನ್ನು ಮತ್ತೆ ಹಾಡಕೂಡದು, ಹಾಡಿದರೆ ಅಶುಭವೆಂಬ ನಂಬಿಕೆಯಿತ್ತು. ಹೀಗಾಗಿ ಹಾಡುಗಳ ಭಂಡಾರವೇ ಬೆಳೆಯಿತು. ಒಕ್ಕಲುಮನೆಯ ಬೀಸುವ ಪದ, ಕುಟ್ಟುವ ಪದಗಳನ್ನು ಕೇಳಿದವರಿಗೆ ಈ ಸಂಗತಿಯನ್ನು ವಿವರಿಸಿ ಹೇಳಬೇಕಾಗಿಲ್ಲ. ಗಂಡಸರು ತುಳಿದ ಕಡೆ ಕಸುಬು ಮನೆತನದ ಹೆಸರಾಯಿತು, ಹೆಂಗಸರು ಕುಟ್ಟಿದ ಕಡೆ ಹಾಡಾಯಿತು. ಯಾವುದು ಹೆಚ್ಚಿನದೆಂದು ಓದುಗರೇ ತೀರ್ಮಾನಿಸಲಿ.

ಕಸುಬು ಹೆಸರಾಗುವುದು ಕನ್ನಡ ನಾಡಿಗೂ ಹೊಸದಲ್ಲ. ಟೆಂಪಲ್ ನ್ಯೂಸಮ್ಮಿನ ಗಿರಣಿ ಲೆಕ್ಕದ ಪುಸ್ತಕಕ್ಕೆ ಏರುವುದಕ್ಕೆ ಎರಡು ದಶಕಗಳ ಹಿಂದೆಯಷ್ಟೇ, ಅದೇ ಹನ್ನೆರಡನೆಯ ಶತಮಾನದಲ್ಲಿ, ಕಲ್ಯಾಣದಲ್ಲಿ ಮಡಿವಾಳ ಮಾಚಿದೇವರಿದ್ದರು, ಅಂಬಿಗರ ಚೌಡಯ್ಯನವರಿದ್ದರು, ಮೇದಾರ ಕೇತಯ್ಯನವರಿದ್ದರು. ಬಟ್ಟೆಯನ್ನು ಮಡಿಮಾಡುವ ಕಾಯಕವನ್ನು ಮುಚ್ಚಿಡದೆ ಹೆಸರಿನ ಮುಂದೆಯೇ ಇರಿಸಿಕೊಂಡ ಶರಣರವರು. ಉತ್ತರ ಕರ್ನಾಟಕದಲ್ಲಿ ಇಂದಿಗೂ ಬಡಿಗೇರ, ಪತ್ತಾರ, ಹೂಗಾರ, ಗಾಣಿಗೇರ, ಮಡಿವಾಳರ ಎಂಬ ಅಡ್ಡಹೆಸರುಗಳು ಸಾಮಾನ್ಯ; ಕಂಬಾರ ಎಂಬ ಹೆಸರಿನ ಕವಿಗೆ ಜ್ಞಾನಪೀಠ ಬಂದಾಗ ನಾಡೇ ಹಿಗ್ಗಿತು. ಆದರೆ ಒಂದು ಭೇದವನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಇಂಗ್ಲೆಂಡಿನಲ್ಲಿ ವಾಕರನ ಮಗ ರೊಟ್ಟಿ ಸುಡಬಹುದಿತ್ತು, ಬೇಕರನ ಮಗಳನ್ನು ಮದುವೆಯಾಗಬಹುದಿತ್ತು. ನಾಲ್ಕು ತಲೆಮಾರು ಕಳೆದಾಗ ಹೆಸರಿನಿಂದ ತೊಟ್ಟಿಯ ವಾಸನೆ ಪೂರ್ತಿಯಾಗಿ ಹೊರಟುಹೋಯಿತು. ಇಲ್ಲಿ ಅಡ್ಡಹೆಸರನ್ನು ಕೇಳುವವನು ಅನೇಕ ವೇಳೆ ಹೆಸರನ್ನಷ್ಟೇ ಕೇಳುತ್ತಿರುವುದಿಲ್ಲ.

ವಾಸನೆ ಹೋದ ಹೆಸರಿಗೆ ಅರ್ಥವೂ ಹೋಯಿತು. ಬರಿದಾದ ಮನೆಗೆ ಬೇರೆಯವರು ಬಂದು ಸೇರುವಂತೆ, ನಡಿಗೆ ಬಂದು ಅಲ್ಲಿ ಮನೆಮಾಡಿತು. ಸ್ಕಾಟ್ಲೆಂಡಿನ ಕಿಲ್‌ಮಾರ್ನಕ್ಕಿನಲ್ಲಿ ೧೮೨೦ರಲ್ಲಿ ಜಾನ್ ವಾಕರ್ ಎಂಬ ತರುಣನೊಬ್ಬ ದಿನಸಿ ಅಂಗಡಿಯನ್ನು ತೆರೆದ. ಅವನ ಹೆಸರಿನ ಮದ್ಯ ಲೋಕಪ್ರಸಿದ್ಧವಾದ ಮೇಲೆ, ೧೯೦೮ರಲ್ಲಿ ಟಾಮ್ ಬ್ರೌನ್ ಎಂಬ ಚಿತ್ರಕಾರ ಅದಕ್ಕೊಂದು ಗುರುತಿನ ಚಿತ್ರ ಬರೆದುಕೊಟ್ಟ: ಎತ್ತರದ ಟೋಪಿ, ಕೆಂಪು ಕೋಟು, ಕೈಯಲ್ಲಿ ಬೆತ್ತ, ದಾಪುಗಾಲಿಟ್ಟು ನಡೆಯುತ್ತಿರುವ ಮಹಾಶಯ. ಸೀಸೆಯ ಒಳಗಿರುವುದರ ಗೋಜಿಗೆ ಈ ಪತ್ರಿಕೆಯ ಓದುಗರು ಹೋಗುವವರಲ್ಲ. ಹೊರಗಿನ ಚಿತ್ರವನ್ನು ಎಲ್ಲರೂ ಕಂಡಿದ್ದಾರೆ. ವಾಕರ್ ಎಂದರೆ ನಡೆಯುವವನೆಂದು ಇಡೀ ಲೋಕಕ್ಕೆ ಪಾಠ ಹೇಳಿದ ಮೇಷ್ಟರು ಆತನೇ. ಬರಿಗಾಲಿನಲ್ಲಿ ಮೂತ್ರದ ತೊಟ್ಟಿಯಲ್ಲಿ ನಿಂತವನ ವಂಶಕ್ಕೆ ಮಿರುಗುವ ಬೂಟು ಬಂತು.

ಅದೇ ವರ್ಷಗಳಲ್ಲಿ ಇನ್ನೊಬ್ಬ ವಾಕರ್, ತನಗೆ ತಿಳಿಯದೆಯೇ, ಪೂರ್ವಿಕರ ನೀರಿಗೆ ಮತ್ತೆ ಇಳಿದಿದ್ದ. ವಿಂಚೆಸ್ಟರಿನ ಮಹಾದೇವಾಲಯದ ಗೋಡೆಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಿರುಕುಬಿಟ್ಟು ವಾಲತೊಡಗಿದುವು. ೧೦೭೯ರಲ್ಲಿ ಕಟ್ಟಲು ತೊಡಗಿದ ಕಟ್ಟಡ. ಅಡಿಪಾಯದ ಕೆಳಗೆ ಜೌಗುಮಣ್ಣು, ಅಗೆದರೆ ನೀರು. ವಿಲಿಯಂ ವಾಕರ್ ಎಂಬ ಮುಳುಗುಗಾರ ೧೯೦೬ರಿಂದ ೧೯೧೧ರವರೆಗೆ ದಿನಕ್ಕೆ ಸುಮಾರು ಆರು ಗಂಟೆ ಕಾಲ, ಭಾರವಾದ ಉಡುಪಿನಲ್ಲಿ, ಏನೂ ಕಾಣದ ಕೆಸರುನೀರಿನ ತಳದಲ್ಲಿ, ಕೈಯಿಂದ ತಡವಿ ತಡವಿ ಕೆಲಸಮಾಡಿದ. ೨೫,೦೦೦ಕ್ಕೂ ಹೆಚ್ಚು ಕಾಂಕ್ರೀಟ್ ಚೀಲಗಳನ್ನು ಗೋಡೆಯ ಕೆಳಗೆ ತುರುಕಿದ. ವಾರದ ಕೊನೆಗೆ ಸೈಕಲ್ ತುಳಿದುಕೊಂಡು ಸುಮಾರು ೭೦ ಮೈಲಿ ದೂರದ ತನ್ನ ಮನೆಗೆ ಹೋಗಿಬರುತ್ತಿದ್ದ. ದೇವಾಲಯ ಉಳಿಯಿತು, ಆತ ೧೯೧೮ರ ಇನ್‌ಫ್ಲುಯೆಂಜ ಜಾಡ್ಯದಲ್ಲಿ ತೀರಿಕೊಂಡ. ೧೯೬೪ರಲ್ಲಿ ಆತನ ನೆನಪಿಗೆಂದು ದೇವಾಲಯದಲ್ಲಿ ಒಂದು ಪುತ್ಥಳಿಯನ್ನಿಟ್ಟರು. ಇಟ್ಟ ಮೇಲೆ ತಿಳಿಯಿತು, ಅದರ ಮುಖ ವಾಕರನದಲ್ಲ, ಕೆಲಸದ ಮೇಲಿದ್ದ ಇಂಜಿನಿಯರ್ ಫ್ರಾನ್ಸಿಸ್ ಫಾಕ್ಸನದು! ಹಳೆಯ ಛಾಯಾಚಿತ್ರವನ್ನು ನೋಡುವಾಗ ದೊಡ್ಡ ಮನುಷ್ಯನನ್ನೇ ಕೆಲಸಗಾರನೆಂದು ಭಾವಿಸಿದ್ದರು. ಸರಿಯಾದ ಮುಖದ ಪುತ್ಥಳಿ ಬರಲು ೨೦೦೧ರವರೆಗೆ ಕಾಯಬೇಕಾಯಿತು. ಅರ್ಥ ತಪ್ಪಾಗಿ ಹೋದ ಹೆಸರಿಗೆ ಮುಖವೂ ತಪ್ಪಾಗಿಯೇ ಬಂದುದು ವಿಚಿತ್ರ.

ಹೆಸರು ಸಮುದ್ರವನ್ನೂ ದಾಟಿತು. ವಸಾಹತುಗಾರರೊಡನೆ ಅಮೆರಿಕಕ್ಕೆ ಹೋಯಿತು. ಅಲ್ಲಿ ಉಣ್ಣೆಯ ಬದಲು ಹತ್ತಿ, ತೊಟ್ಟಿಯ ಬದಲು ಹೊಲ. ಆಫ್ರಿಕದಿಂದ ಹಿಡಿದು ತಂದ ಗುಲಾಮರಿಗೆ ಅವರ ಸ್ವಂತ ಹೆಸರುಗಳು ಉಳಿಯಲಿಲ್ಲ. ೧೮೬೫ರಲ್ಲಿ ಗುಲಾಮಗಿರಿ ಕೊನೆಗಂಡಾಗ ಬಿಡುಗಡೆಯಾದವರಲ್ಲಿ ಅನೇಕರ ಮನೆತನದ ಹೆಸರು ಒಡೆಯನದಾಗಿತ್ತು. ಅನೇಕರು ತಮಗೆ ತೋಚಿದ ಹೆಸರನ್ನು ಆರಿಸಿಕೊಂಡರು. ಇಂದು ಅಮೆರಿಕದ ಕರಿಯ ಜನರಲ್ಲಿ ವಾಕರ್ ಎಂಬುದು ಬಹಳ ಸಾಮಾನ್ಯವಾದ ಹೆಸರು. ಯಾರ್ಕ್‌ಷೈರಿನ ಹಳ್ಳದ ದಡದಲ್ಲಿ ಹುಟ್ಟಿದ ಮಾತು, ಅದರ ಅರ್ಥದೊಂದಿಗೆ ಯಾವ ಸಂಬಂಧವೂ ಇಲ್ಲದವರ ಹೆಗಲೇರಿತು.

ಜಾರ್ಜಿಯ ಸಂಸ್ಥಾನದ ಈಟನ್‌ಟನ್ ಎಂಬ ಸಣ್ಣ ಊರಿನಲ್ಲಿ, ಪಾಲಿಗೆ ಸಾಗುವಳಿ ಮಾಡುತ್ತಿದ್ದ ಬಡ ದಂಪತಿಗಳಿಗೆ ೧೯೪೪ರಲ್ಲಿ ಎಂಟನೆಯ ಮಗುವಾಗಿ ಹುಟ್ಟಿದವರು ಆಲಿಸ್ ವಾಕರ್. ಅವರ ಕಾದಂಬರಿ 'ದಿ ಕಲರ್ ಪರ್ಪಲ್' ೧೯೮೩ರಲ್ಲಿ ಪುಲಿಟ್ಜರ್ ಬಹುಮಾನವನ್ನು ಪಡೆಯಿತು. ಮದುವೆಯಾದ ಮೇಲೆ ಹೆಣ್ಣು ಗಂಡನ ಹೆಸರನ್ನು ಧರಿಸುವುದು ಆ ದೇಶದ ವಾಡಿಕೆ, ಅವರು ಧರಿಸಲಿಲ್ಲ. ಏಕೆಂಬುದನ್ನು ಅವರೇ ತಿಳಿಸಿದ್ದಾರೆ. ಅವರ ಮುತ್ತಜ್ಜಿಗೂ ಹಿಂದಿನ ಒಬ್ಬ ಹಿರಿಯಜ್ಜಿ ಗುಲಾಮಳಾಗಿದ್ದಳು. ಆಕೆಯನ್ನು ವರ್ಜೀನಿಯದಿಂದ ಜಾರ್ಜಿಯಕ್ಕೆ ನೂರಾರು ಮೈಲಿ ನಡೆಸಿಕೊಂಡು ತಂದರು. ಎರಡು ಕಂಕುಳಲ್ಲಿ ಎರಡು ಕೂಸುಗಳನ್ನು ಎತ್ತಿಕೊಂಡು ಆಕೆ ಆ ದಾರಿಯುದ್ದಕ್ಕೂ ನಡೆದಳು. ಆ ನಡಿಗೆಯ ನೆನಪಿಗಾಗಿಯೇ ವಾಕರ್ ಎಂಬ ತವರಿನ ಹೆಸರನ್ನು ಬಿಡದೆ ಇಟ್ಟುಕೊಂಡುದಾಗಿ ಆಲಿಸ್ ವಾಕರ್ ಬರೆದಿದ್ದಾರೆ.